ಎಡವೋ ಬಲವೋ: ಪಂಚಮಿ ಜಗಳಕ್ಕೊಂದು ಉತ್ತರ

ರಾಜ್ಯ ಬಜೆಟ್ ಬಗ್ಗೆ ಬರೆದ ಮೇಲೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಂದ ಪತ್ರ ಬಂದಿವೆ. ಕೇಳಿರುವ ರೀತಿ ಬೇರೆ ಬೇರೆ, ವಿಷಯ ಒಂದೇ: ಜನರಿಗೆ ಒಳ್ಳೆಯದು ಎಡ ನೀತಿಯೋ, ಬಲ ನೀತಿಯೋ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಹೆಸರು ಹಾಕಬೇಡಿ ಅಂತ ಹೆಚ್ಚಿನವರು ಕೇಳಿದ್ದರಿಂದ ಊರಿನ ಹೆಸರು ಮಾತ್ರ ಇದೆ.

ಪ್ರಶ್ನೆ: ಸರ್, ನಮ್ಮದು ಮುಧೋಳ ತಾಲೂಕು, ಆರು ಎಕರೆ ಕಬ್ಬು ಇದೆ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಸರ್ಕಾರ ಯಾವುದಕ್ಕೂ ಕೈ ಹಾಕಬಾರದು, ತೆರಿಗೆ ಇಳಿಸಿ ಎಲ್ಲ ಖಾಸಗಿಯವರಿಗೆ ಬಿಡಬೇಕು, ಆಗಲೇ ದೇಶ ಮುಂದೆ ಬರುತ್ತದೆ ಅಂತಾನೆ. ಅಳಿಯಂದಿರು ಹೈಸ್ಕೂಲ್ ಮಾಸ್ತರು. ಸರ್ಕಾರ ಕೈಬಿಟ್ಟರೆ ಬಡವ ಸತ್ತ ಅಂತಾರೆ. ಪಂಚಮಿಗೆ ಇಬ್ಬರೂ ಸೇರಿದರೆ ಉಂಡಿ ತಟ್ಟೆಯಲ್ಲೇ ಉಳಿಯುತ್ತವೆ, ಜಗಳ ಮುಗಿಯುವುದಿಲ್ಲ. ಅಳಿಯಂದಿರು ಹೇಳುವ ಎಡ ನೀತಿಯಿಂದ ಜನರ ಬದುಕು ಸುಧಾರಿಸಿದೆಯೋ, ಮಗ ಹೇಳುವ ಬಲ ನೀತಿಯಿಂದಲೋ? ಜಾರಿಕೊಳ್ಳದೆ ಹೇಳಿ. (ಮುಧೋಳ)

ಉತ್ತರ: ಜಾರಿಕೊಳ್ಳುವುದಿಲ್ಲ, ಯಜಮಾನರೇ. ಭೂಮಿ, ಶಾಲೆ, ಆಸ್ಪತ್ರೆ ಈ ಮೂರರಲ್ಲಿ ನಿಮ್ಮ ಅಳಿಯಂದಿರು ಸರಿ. ಏನು ಬೆಳೆಯಬೇಕು, ಏನು ತಯಾರಿಸಬೇಕು, ಯಾರಿಗೆ ಎಷ್ಟಕ್ಕೆ ಮಾರಬೇಕು ಎಂಬುದರಲ್ಲಿ ಬಹುಪಾಲು ನಿಮ್ಮ ಮಗ ಸರಿ. ಆದರೆ ಇದರಲ್ಲಿ ಮೊದಲು ಯಾವುದು, ಆಮೇಲೆ ಯಾವುದು ಎಂಬುದು ಬಹಳ ಮುಖ್ಯ. ಭೂಮಿ, ಅಕ್ಷರ, ಆರೋಗ್ಯ ಜನರ ಕೈಗೆ ಬರುವ ಮೊದಲೇ ಮಾರುಕಟ್ಟೆ ತೆರೆದರೆ ಲಾಭ ಆಗಲೇ ಉಳ್ಳವರ ಮನೆ ಸೇರುತ್ತದೆ. ಅವನ್ನು ಕೊಟ್ಟು ಮಾರುಕಟ್ಟೆ ಮುಚ್ಚಿಟ್ಟರೆ ಓದಿದ ಮಕ್ಕಳು ಊರು ಬಿಡುತ್ತಾರೆ.

ಮಗನಿಗೆ ದಕ್ಷಿಣ ಕೊರಿಯಾದ ಕಥೆ ಹೇಳಿ. ಅಲ್ಲಿನ ಸರ್ಕಾರ ಕಮ್ಯುನಿಸ್ಟರನ್ನು ಕಂಡರೆ ಉರಿದು ಬೀಳುತ್ತಿತ್ತು. ಅದೇ ಸರ್ಕಾರ 1950ರಲ್ಲಿ ಭೂಸುಧಾರಣೆ ತಂದು, ಒಂದು ಮನೆಗೆ ಸುಮಾರು 3 ಹೆಕ್ಟೇರ್, ಅಂದರೆ ಏಳೂವರೆ ಎಕರೆ ಎಂದು ಮಿತಿ ಹಾಕಿ ಉಳಿದದ್ದನ್ನು ಗೇಣಿದಾರರಿಗೆ ಹಂಚಿತು. ತೈವಾನ್ 1953ರಲ್ಲಿ ಅದನ್ನೇ ಮಾಡಿತು, ಅವರೂ ಕಮ್ಯುನಿಸ್ಟರ ಕಡು ವೈರಿಗಳೇ. ಜೊತೆಗೆ ಊರೂರಿಗೆ ಪ್ರಾಥಮಿಕ ಶಾಲೆ ಬಂತು. ಆಮೇಲೆ ಬಂದದ್ದು ಕಾರ್ಖಾನೆ, ರಫ್ತು, ಪೈಪೋಟಿ. ಅಲ್ಲೂ ಕೊರಿಯಾ ಸರ್ಕಾರ ಸುಮ್ನೆ ಕೂರಲಿಲ್ಲ. ರಫ್ತು ಮಾಡಿ ತೋರಿಸಿದವರಿಗೆ ಅಗ್ಗದ ಸಾಲ ಕೊಡಿಸಿತು. ಇದನ್ನು ಎಡ ಅಂತೀರಾ, ಬಲ ಅಂತೀರಾ?

ಅಳಿಯಂದಿರಿಗೆ ಚೀನಾದ ಶಿಯಾವ್‌ಗಾಂಗ್ ಎಂಬ ಹಳ್ಳಿಯ ಕಥೆ ಹೇಳಿ. ಎಲ್ಲ ಹೊಲ ಎಲ್ಲರದ್ದು ಎಂಬ ಸಾಮೂಹಿಕ ಬೇಸಾಯದ ಕಾಲ ಅದು. 1959ರಿಂದ 61ರವರೆಗಿನ ಬರಗಾಲದಲ್ಲಿ ಚೀನಾದಲ್ಲಿ ಕೋಟಿಗಟ್ಟಲೆ ಜನ ಸತ್ತಿದ್ದರು. ಅದಕ್ಕೆ ಮಳೆಗಿಂತ ಜಾಸ್ತಿ ಕಾರಣ ಸರ್ಕಾರದ ನೀತಿಯೇ. 1978ರ ಕೊನೆಯಲ್ಲಿ ಆ ಹಳ್ಳಿಯ 18 ಮನೆಯವರು ರಾತ್ರಿ ಗುಟ್ಟಾಗಿ ಸೇರಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರು. ಹೊಲ ಮನೆ ಮನೆಗೆ ಹಂಚಿಕೊಳ್ಳುವುದು, ಸರ್ಕಾರದ ಪಾಲು ಕೊಟ್ಟು ಉಳಿದದ್ದು ಬೆಳೆದವರದ್ದೇ, ಯಾರಾದರೂ ಜೈಲಿಗೆ ಹೋದರೆ ಅವರ ಮಕ್ಕಳನ್ನು ಉಳಿದವರು 18 ವರ್ಷದವರೆಗೆ ಸಾಕಬೇಕು ಎಂದು ಮಾತಾಯಿತು. ಮರುವರ್ಷ ಅದೇ ನೆಲ, ಅದೇ ಜನ, ಧಾನ್ಯ ಮಾತ್ರ ಹಲವು ಪಟ್ಟು. ಕಮ್ಯುನಿಸ್ಟ್ ಪಕ್ಷವೇ ಅದನ್ನು ಒಪ್ಪಿ ದೇಶಕ್ಕೆಲ್ಲ ಹರಡಿತು. ಮುಂದಿನ 40 ವರ್ಷಗಳಲ್ಲಿ ಸುಮಾರು 80 ಕೋಟಿ ಜನ ಕಡುಬಡತನ ದಾಟಿದರು ಎಂದು ವಿಶ್ವಬ್ಯಾಂಕ್ ಲೆಕ್ಕ ಹೇಳುತ್ತದೆ. ಆದರೆ ಇನ್ನೊಂದನ್ನೂ ಮರೆಯಬಾರದು. 1978ರಲ್ಲೇ ಚೀನಾದವರ ಸರಾಸರಿ ಆಯಸ್ಸು ನಮ್ಮವರಿಗಿಂತ ಸುಮಾರು ಹತ್ತು ವರ್ಷ ಹೆಚ್ಚಿತ್ತು, ಓದು ಬರಹ ಬಲ್ಲವರೂ ಜಾಸ್ತಿ ಇದ್ದರು. ಅದಕ್ಕೇ ಬಾಗಿಲು ತೆರೆದ ಕೂಡಲೇ ಅವರಿಗೆ ಓಡಲು ಆಯಿತು.

ನಮ್ಮದೇ ಮನೆ ನೋಡೋಣ. 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದಿತು. ಉಳುವವನೇ ಹೊಲದೊಡೆಯ ಎಂದು ಗೇಣಿದಾರರು ಫಾರ್ಮ್ ನಂಬರ್ 7 ತುಂಬಿ ಭೂನ್ಯಾಯ ಮಂಡಳಿ ಮುಂದೆ ನಿಂತರು. ನಿಮ್ಮೂರಲ್ಲೂ ಅಜ್ಜನ ಹೆಸರು ಮೊದಲ ಸಲ ಜಮೀನಿನ ಉತಾರದಲ್ಲಿ ಕೂತದ್ದು ಆಗಲೇ ಎಂಬ ಮನೆಗಳು ಇರಬೇಕು. ಆ ಮನೆಗಳಲ್ಲಿ ಮುಂದಿನ ತಲೆಮಾರು ಶಾಲೆಗೆ ಹೋಯಿತು, ಈಗ ಅವರ ಮೊಮ್ಮಕ್ಕಳು ಬೆಂಗಳೂರಿನಲ್ಲಿ ಕೂತು ಸರ್ಕಾರ ಯಾವುದಕ್ಕೂ ಕೈ ಹಾಕಬಾರದು ಅನ್ನುವಷ್ಟು ಗಟ್ಟಿಯಾಗಿದ್ದಾರೆ. ಗೇಣಿಯೂ ಇಲ್ಲದೆ ಕೂಲಿಗೆ ಹೋಗುತ್ತಿದ್ದ ದಲಿತ ಕುಟುಂಬಗಳಿಗೆ ಆ ಕಾಯ್ದೆಯಿಂದ ಸಿಕ್ಕಿದ್ದು ಕಡಿಮೆ, ಅದನ್ನೂ ಹೇಳಲೇಬೇಕು. ಇನ್ನು 1991ರ ಜುಲೈನಲ್ಲಿ ನರಸಿಂಹ ರಾವ್, ಮನಮೋಹನ್ ಸಿಂಗ್ ಲೈಸೆನ್ಸ್ ರಾಜ್, ಅಂದರೆ ಕಾರ್ಖಾನೆ ಹಾಕಲು ಸರ್ಕಾರದ ಪರವಾನಗಿಗೆ ಕಾಯಬೇಕಿದ್ದ ವ್ಯವಸ್ಥೆ, ಕಿತ್ತುಹಾಕದಿದ್ದರೆ ನಿಮ್ಮ ಮಗನಿಗೆ ಆ ಕೆಲಸವೇ ಇರುತ್ತಿರಲಿಲ್ಲ. ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾದ ಕಾಲ ನಿಮಗೇ ನೆನಪಿರಬೇಕಲ್ವಾ.

ಯಾವ ಪಕ್ಷ ಇದ್ದಾಗ ಎಷ್ಟು ಬೆಳವಣಿಗೆ ಎಂದು ಅಂಕಿ ಜೋಡಿಸಿ ವಾದ ಮಾಡುವವರ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಅಲನ್ ಬ್ಲೈಂಡರ್, ಮಾರ್ಕ್ ವಾಟ್ಸನ್ ಎಂಬ ಅರ್ಥಶಾಸ್ತ್ರಜ್ಞರು 60ಕ್ಕೂ ಹೆಚ್ಚು ವರ್ಷಗಳ ಲೆಕ್ಕ ತೆಗೆದು 2016ರಲ್ಲಿ ಪ್ರಕಟಿಸಿದರು. ಅಲ್ಲಿ ಎಡಕ್ಕೆ ವಾಲಿದ ಡೆಮಾಕ್ರಟ್ ಪಕ್ಷದ ಅಧ್ಯಕ್ಷರ ಕಾಲದಲ್ಲಿ ಬೆಳವಣಿಗೆ ವರ್ಷಕ್ಕೆ 4.33%, ರಿಪಬ್ಲಿಕನ್ನರ ಕಾಲದಲ್ಲಿ 2.54%. ಎಡದವರು ಕುಣಿಯಬೇಕಾದ ಅಂಕಿ. ಆದರೆ ಕಾರಣ ಹುಡುಕಿದಾಗ ಹೆಚ್ಚಾಗಿ ಸಿಕ್ಕಿದ್ದು ಎಣ್ಣೆ ಬೆಲೆ, ಉತ್ಪಾದಕತೆ, ಹೊರದೇಶಗಳ ಪರಿಸ್ಥಿತಿ ಇಂಥವುಗಳಲ್ಲಿ. ಸರ್ಕಾರದ ಖರ್ಚು, ಬಡ್ಡಿ ನೀತಿ ಇವು ಕಾರಣ ಅಂತ ಕಾಣಲಿಲ್ಲ. ಹಾಗಾಗಿ ಕುರ್ಚಿಯಲ್ಲಿ ಯಾರಿದ್ದರು ಎಂದು ನೋಡಿ ತೀರ್ಪು ಕೊಡಬೇಡಿ. ಯಾವ ಕಾಯ್ದೆ ಬಂತು, ಅದರಿಂದ ಯಾರ ಮನೆಯಲ್ಲಿ ಏನು ಬದಲಾಯಿತು ಎಂದು ಕೇಳಿ.

ಪ್ರಶ್ನೆ: ಕಬ್ಬಿಗೆ ಸರ್ಕಾರ ಬೆಲೆ ಕಟ್ಟುವುದು ಎಡ ನೀತಿ ತಾನೇ? ಹಾಗಾದರೆ ಎಡ ನೀತಿ ಸೋತಿದೆ ಅಂತಲೇ ಹೇಳಬೇಕು. ಪ್ರತಿ ವರ್ಷ ನಾವು ರಸ್ತೆಗೆ ಇಳಿಯಬೇಕು. (ಮೂಡಲಗಿ)

ಉತ್ತರ: ನಿಮ್ಮ ಪಕ್ಕದ ಗುರ್ಲಾಪುರ ಕ್ರಾಸ್‌ನಲ್ಲಿ 2025ರ ನವೆಂಬರ್‌ನಲ್ಲಿ ನಡೆದ ಧರಣಿ ಇಡೀ ರಾಜ್ಯ ನೋಡಿತು. ರೈತರು ಟನ್‌ಗೆ 3,500 ಕೇಳಿದರು, ಕೊನೆಗೆ 3,300ಕ್ಕೆ ಒಪ್ಪಂದವಾಯಿತು. ಕೇಂದ್ರ ಆ ಹಂಗಾಮಿಗೆ ಗೊತ್ತು ಮಾಡಿದ್ದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ಕಬ್ಬಿನ ದರ, ಟನ್‌ಗೆ 3,550. ಮತ್ತೆ ಅದಕ್ಕಿಂತ ಕಡಿಮೆಗೆ ಯಾಕೆ ಹೋರಾಟ ಎಂದು ಬೆಂಗಳೂರಿನ ಗೆಳೆಯರು ನನ್ನನ್ನು ಕೇಳಿದರು. ಆ 3,550 ಸಿಗುವುದು 10.25% ಇಳುವರಿಗೆ, ಅಂದರೆ ನೂರು ಕಿಲೋ ಕಬ್ಬಿನಿಂದ 10.25 ಕಿಲೋ ಸಕ್ಕರೆ ಬಂದರೆ, ಅದರಲ್ಲೇ ಕಟಾವು ಮತ್ತು ಸಾಗಣೆ ಖರ್ಚು ಮುರಿದುಕೊಳ್ಳುತ್ತಾರೆ ಎಂದು ಹೇಳಿದ ಮೇಲೆ ಅವರಿಗೆ ಅರ್ಥವಾಯಿತು.

ಕಬ್ಬಿನ ವ್ಯವಹಾರ ಪೂರ್ತಿ ಎಡವೂ ಅಲ್ಲ, ಬಲವೂ ಅಲ್ಲ. ಎರಡರ ಕೆಟ್ಟ ಭಾಗ ಕೂಡಿಸಿದ ಹಾಗಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. 1998ರಲ್ಲಿ ಸಕ್ಕರೆ ಕಾರ್ಖಾನೆಗೆ ಲೈಸೆನ್ಸ್ ಬೇಕಿಲ್ಲ ಎಂದಾಯಿತು. ಆಮೇಲೆ ನಮ್ಮ ಕಡೆ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದವು, ಇವತ್ತು ರಾಜ್ಯದಲ್ಲೇ ಅತಿ ಹೆಚ್ಚು ಕಾರ್ಖಾನೆ ಇರುವ ಜಿಲ್ಲೆ ಬೆಳಗಾವಿ. ಇದು ಬಲ ನೀತಿಯ ಲಾಭ, ಕಬ್ಬು ಬೆಳೆದವನಿಗೆ ಕೊಳ್ಳುವವರು ಜಾಸ್ತಿ ಆದರು. ಆದರೆ ಎರಡು ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರ್ ಇರಲೇಬೇಕು, ಯಾವ ಹಳ್ಳಿಯ ಕಬ್ಬು ಯಾರಿಗೆ ಎಂದು ಹಂಚಿಕೆಯೂ ಇದೆ. ಸಕ್ಕರೆಗೆ ಕನಿಷ್ಠ ಮಾರಾಟ ಬೆಲೆ ಕೇಂದ್ರದ್ದು. 2019ರ ಫೆಬ್ರುವರಿಯಲ್ಲಿ ಕಿಲೋಗೆ 31 ರೂಪಾಯಿ ಎಂದು ಮಾಡಿ ವರ್ಷಗಟ್ಟಲೆ ಅಲ್ಲೇ ನಿಲ್ಲಿಸಿದರು. ಎಷ್ಟು ರಫ್ತು, ಎಥೆನಾಲ್‌ಗೆ ಎಷ್ಟು ದರ, ಅದೂ ದಿಲ್ಲಿಯಲ್ಲೇ ತೀರ್ಮಾನ. ಹೀಗಾಗಿ ಕಾರ್ಖಾನೆಯವರು ಕೇಂದ್ರದ ಕಡೆ ಕೈ ತೋರಿಸುತ್ತಾರೆ, ಕೇಂದ್ರ ರಾಜ್ಯದ ಕಡೆ, ರಾಜ್ಯ ಕಾರ್ಖಾನೆ ಕಡೆ. ರೈತ ಕ್ರಾಸ್‌ನಲ್ಲಿ ಕೂರುತ್ತಾನೆ.

ಈಗ ತೂಕದ ಕಾಟಾ ಹತ್ತಿರ ನಿಂತು ನೋಡಿ. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ರಾತ್ರಿಯೆಲ್ಲ ಸರದಿಯಲ್ಲಿ ನಿಂತಿರುತ್ತದೆ. ಕಡಿದ ಕಬ್ಬು ಗಂಟೆ ಗಂಟೆಗೂ ಒಣಗುತ್ತದೆ, ತೂಕ ಇಳಿಯುತ್ತದೆ. ಆ ನಷ್ಟ ರೈತನದ್ದೇ. ತುಂಬಿದ ಗಾಡಿ ಒಮ್ಮೆ ತೂಗುತ್ತಾರೆ, ಖಾಲಿ ಗಾಡಿ ಒಮ್ಮೆ. ಕಾಟಾ ಮೇಲೆ ಇರುವುದು ಡ್ರೈವರ್, ಹೊಲದ ಒಡೆಯ ಮನೆಯಲ್ಲಿ. ಚೀಟಿಯಲ್ಲಿ ಬಂದದ್ದೇ ತೂಕ. ಇಳುವರಿಯಂತೂ ಕಾರ್ಖಾನೆಯ ಲ್ಯಾಬಿನೊಳಗಿನ ಲೆಕ್ಕ, ಅದೂ ಇಡೀ ಕಾರ್ಖಾನೆಯ ಸರಾಸರಿ. ನೀವು ಮುತುವರ್ಜಿಯಿಂದ ಸಿಹಿ ಕಬ್ಬು ಬೆಳೆದರೂ ಪಕ್ಕದವರ ದರವೇ ನಿಮಗೆ. ನನ್ನ ಪರಿಚಯದ ರೈತರೊಬ್ಬರು ಒಂದು ಸಲ ಗಾಡಿಯನ್ನು ಹೊರಗಿನ ಕಾಟಾದಲ್ಲಿ ತೂಗಿಸಿ ಆಮೇಲೆ ಒಳಗೆ ಕಳಿಸಿದರು. ತೂಕದಲ್ಲಿ ವ್ಯತ್ಯಾಸ ಬಂತು. ಕೇಳಿದ್ದಕ್ಕೆ ಹೊರಗಿನ ಕಾಟಾ ಸರಿ ಇಲ್ಲ ಎಂಬ ಉತ್ತರ ಬಂತು. ಯಾವುದು ಸರಿ ಎಂದು ಹೇಳಲು ಅಲ್ಲಿ ಮೂರನೆಯವರು ಯಾರೂ ಇರಲಿಲ್ಲ.

ಆ ಮೂರನೆಯವರು ಇಲ್ಲದ ಕಡೆ ಎಡ ನೀತಿಯೂ ಕೆಲಸ ಮಾಡುವುದಿಲ್ಲ, ಬಲ ನೀತಿಯೂ ಮಾಡುವುದಿಲ್ಲ. 14 ದಿನದಲ್ಲಿ ಬಿಲ್ ಕೊಡಬೇಕು, ತಡವಾದರೆ ವರ್ಷಕ್ಕೆ 15% ಬಡ್ಡಿ ಸೇರಿಸಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಆ ಬಡ್ಡಿ ಕೈಗೆ ಬಂದವರು ನಿಮ್ಮೂರಲ್ಲಿ ಎಷ್ಟು ಜನ, ನೀವೇ ಹೇಳಿ. ಸಕ್ಕರೆ ಉದ್ಯಮದ ಬಗ್ಗೆ ಕೇಂದ್ರ ನೇಮಿಸಿದ್ದ 2012ರ ರಂಗರಾಜನ್ ಸಮಿತಿ ಹಳ್ಳಿ ಹಂಚಿಕೆ ತೆಗೆಯಿರಿ, ಸಕ್ಕರೆ ಮತ್ತು ಉಪಉತ್ಪನ್ನಗಳ ಆದಾಯದಲ್ಲಿ 70% ರೈತನಿಗೆ ಕೊಡಿ ಎಂದಿತ್ತು. ನನಗೆ ಆ ದಾರಿ ಒಪ್ಪಿಗೆ. ಕಬ್ಬು ಎಲ್ಲಿಗೆ ಬೇಕಾದರೂ ಕಳಿಸುವ ಸ್ವಾತಂತ್ರ್ಯ ರೈತನಿಗೆ ಸಿಗಲಿ. ಕಾಟಾ ಮತ್ತು ಲ್ಯಾಬ್ ಮಾತ್ರ ಸರ್ಕಾರದ ಕೈಯಲ್ಲಿ, ರೈತರ ಕಣ್ಣೆದುರು ಇರಲಿ.

ಪ್ರಶ್ನೆ: ನಾನು ಬಿ.ಎ. ಅರ್ಥಶಾಸ್ತ್ರ ಓದುತ್ತಿದ್ದೇನೆ. ಕ್ಲಾಸಿನಲ್ಲಿ ಕೇರಳ ಮಾದರಿ, ಗುಜರಾತ್ ಮಾದರಿ ಎಂದು ಚರ್ಚೆ ಇಟ್ಟಿದ್ದಾರೆ. ನಮ್ಮ ವಿಜಯಪುರಕ್ಕೆ ಯಾವುದು ಒಳ್ಳೆಯದು? (ವಿಜಯಪುರ)

ಉತ್ತರ: ಚರ್ಚೆಯಲ್ಲಿ ತಮಿಳುನಾಡಿನ ಪರ ಮಾತಾಡಮ್ಮ. ಕೇರಳದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ಸಾಯುವವರು 6, ಕರ್ನಾಟಕದಲ್ಲಿ 19, ಗುಜರಾತ್‌ನಲ್ಲಿ 23. ಇದು 2020ರ ಲೆಕ್ಕ. ಇದಕ್ಕಿಂತ ದೊಡ್ಡ ಅಭಿವೃದ್ಧಿ ಬೇರೆ ಇಲ್ಲ. ಆದರೆ ಇದನ್ನೆಲ್ಲ ಒಂದೇ ಪಕ್ಷದ ಖಾತೆಗೆ ಬರೆಯಬೇಡ. ತಿರುವಾಂಕೂರಿನ ರಾಣಿ 1817ರಲ್ಲೇ ಶಿಕ್ಷಣದ ಖರ್ಚು ಸರ್ಕಾರದ್ದು ಎಂದು ಆಜ್ಞೆ ಹೊರಡಿಸಿದ್ದರು, ಸಮಾಜ ಸುಧಾರಕರು, ಮಿಷನರಿಗಳು ದುಡಿದಿದ್ದರು, 1957ರ ಮೇಲೆ ಬಂದ ಎಡ ಸರ್ಕಾರಗಳೂ, ಅವುಗಳ ಎದುರಾಳಿಗಳೂ ಅದನ್ನು ಮುಂದುವರಿಸಿದರು. ಆದರೆ ಅಷ್ಟು ಓದಿದ ಮಕ್ಕಳಿಗೆ ಸಾಕಷ್ಟು ಕಾರ್ಖಾನೆ ಅಲ್ಲಿ ಬರಲಿಲ್ಲ, ಕೊಲ್ಲಿ ದೇಶಗಳ ದುಡ್ಡು ಮನೆ ನಡೆಸಿತು. ಗುಜರಾತ್ ಬಂದರು, ರಸ್ತೆ, ಕಾರ್ಖಾನೆಗಳಲ್ಲಿ ಮುಂದಿನ ಸಾಲಿನಲ್ಲಿದೆ. 2008ರಲ್ಲಿ ಬಂಗಾಳದ ಸಿಂಗೂರು ಬಿಟ್ಟ ನ್ಯಾನೋ ಕಾರ್ಖಾನೆ ಹೋಗಿ ನಿಂತದ್ದು ಅಲ್ಲಿನ ಸಾನಂದದಲ್ಲಿ. ಮಕ್ಕಳ ಆರೋಗ್ಯದಲ್ಲಿ ಮಾತ್ರ ಆ ಹಣಕ್ಕೆ ತಕ್ಕ ಫಲ ಕಾಣುವುದಿಲ್ಲ.

ತಮಿಳುನಾಡು ಎರಡನ್ನೂ ಮಾಡಿತು. ಅಲ್ಲಿನ ಮುಖ್ಯಮಂತ್ರಿ ಎಂಜಿಆರ್ 1982ರಲ್ಲಿ ಬಿಸಿಯೂಟ ದೊಡ್ಡದು ಮಾಡಿದಾಗ ದುಡ್ಡು ಹಾಳು ಎಂದು ಬಹಳ ಜನ ಬೈದಿದ್ದರು. ಇವತ್ತು ದೇಶದಲ್ಲಿ ಅತಿ ಹೆಚ್ಚು ಕಾರ್ಖಾನೆ ಇರುವುದು ಅದೇ ರಾಜ್ಯದಲ್ಲಿ. ಊಟ ಮಾಡಿ ಓದಿದ ಮಕ್ಕಳೇ ಅಲ್ಲಿ ದುಡಿಯುತ್ತಿದ್ದಾರೆ. 2011ರ ಜನಗಣತಿಯಲ್ಲಿ ಕೇರಳದ ಸಾಕ್ಷರತೆ 94%, ನಿಮ್ಮ ವಿಜಯಪುರದ್ದು 67%, ಪಕ್ಕದ ಬಾಗಲಕೋಟೆಯದ್ದು 69%. ನಮ್ಮ ಕಡೆ ಮೊದಲ ಕೆಲಸ ಇನ್ನೂ ಮುಗಿದಿಲ್ಲ ಎಂಬುದಕ್ಕೆ ಈ ಅಂಕಿ ಸಾಕು.

ಪ್ರಶ್ನೆ: ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಫೌಂಡ್ರಿ ಇದೆ. ತೆರಿಗೆ ಅರ್ಧ ಮಾಡಿ ಇನ್‌ಸ್ಪೆಕ್ಟರುಗಳನ್ನು ದೂರ ಇಟ್ಟರೆ ಸಾಕು, ನಾವೇ ಎಲ್ಲರಿಗೂ ಕೆಲಸ ಕೊಡುತ್ತೇವೆ. (ಬೆಳಗಾವಿ)

ಉತ್ತರ: ಇನ್‌ಸ್ಪೆಕ್ಟರ್ ವಿಷಯದಲ್ಲಿ ನಿಮ್ಮ ಪರ ಇದ್ದೇನೆ. ಹತ್ತು ಇಲಾಖೆಗೆ ಹತ್ತು ರಿಜಿಸ್ಟರ್ ಬರೆಯುವ ಹೊತ್ತಿನಲ್ಲಿ ನೀವು ಇನ್ನೊಂದು ಆರ್ಡರ್ ಮುಗಿಸಬಹುದು. ತೆರಿಗೆ ವಿಷಯದಲ್ಲಿ ಒಪ್ಪುವುದಿಲ್ಲ. ಅಮೆರಿಕದ ಕ್ಯಾನ್ಸಾಸ್ ರಾಜ್ಯ 2012ರಲ್ಲಿ ಭಾರೀ ತೆರಿಗೆ ಇಳಿಸಿತು, ಬೆಳವಣಿಗೆ ಚಿಮ್ಮುತ್ತದೆ ಎಂದು ಗವರ್ನರ್ ಭರವಸೆ ಕೊಟ್ಟಿದ್ದರು. ಖಜಾನೆ ಬರಿದಾಯಿತು, ಶಾಲೆಗಳಿಗೆ ಏಟು ಬಿತ್ತು, 2017ರಲ್ಲಿ ಅವರದೇ ಪಕ್ಷದ ಬಹುಮತ ಇದ್ದ ಸದನ ಅದನ್ನು ರದ್ದು ಮಾಡಿತು. ಬ್ರಿಟನ್ನಿನ ಪ್ರಧಾನಿ ಲಿಜ್ ಟ್ರಸ್ 2022ರಲ್ಲಿ ಹಣ ಎಲ್ಲಿಂದ ಎಂದು ಹೇಳದೆ ತೆರಿಗೆ ಇಳಿಸಲು ಹೋಗಿ ಎರಡು ತಿಂಗಳೂ ಕುರ್ಚಿಯಲ್ಲಿ ಉಳಿಯಲಿಲ್ಲ. ನಮ್ಮಲ್ಲೇ 2019ರಲ್ಲಿ ಕಂಪನಿ ತೆರಿಗೆ 30ರಿಂದ 22%ಗೆ ಇಳಿಯಿತು. ಲಾಭ ಚೆನ್ನಾಗಿ ಏರಿತು, ಹೊಸ ಕೆಲಸ ಅಷ್ಟು ಏರಲಿಲ್ಲ.

ನಿಮ್ಮದೇ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಘಟಕ ಬಂದದ್ದು ಯಾಕೆ ಎಂದು ಯೋಚಿಸಿ. ಹೆದ್ದಾರಿ ಇತ್ತು, ಐಟಿಐ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜಿನಿಂದ ಬಂದ ಹುಡುಗರು ಇದ್ದರು, ನಿಮ್ಮಂಥ ಫೌಂಡ್ರಿಯವರು ತಲೆಮಾರುಗಳಿಂದ ಬೆಳೆಸಿದ ಕೈಚಳಕ ಇತ್ತು. ಅದರಲ್ಲಿ ಎಷ್ಟೋ ಭಾಗ ತೆರಿಗೆ ಹಣದ್ದೇ.

ಪ್ರಶ್ನೆ: ಮನೆಯಲ್ಲಿ ಸೀರೆ ನೇಯುತ್ತಾರೆ, ನಾನು ನೂಲಿನ ಕಂಡಿಕೆ ಸುತ್ತುತ್ತೇನೆ. ಗೃಹಲಕ್ಷ್ಮಿ 2,000 ಬರುತ್ತದೆ. ಪುಕ್ಕಟೆ ಕೊಟ್ಟು ಹೆಣ್ಣುಮಕ್ಕಳನ್ನು ಸೋಮಾರಿ ಮಾಡಿದರು ಅಂತ ಊರವರು ಅಂತಾರೆ. ಹೌದಾ? (ಇಳಕಲ್)

ಉತ್ತರ: ಅಲ್ಲ ಅಕ್ಕಾ. ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ಮತ್ತು ಜೊತೆಗಾರರು ಆರು ಬಡ ದೇಶಗಳ ಇಂಥ ಯೋಜನೆಗಳನ್ನು ಪರೀಕ್ಷಿಸಿ ನೋಡಿದ್ದಾರೆ. ಹಣ ಬಂತು ಎಂದು ಜನ ಕೆಲಸ ಬಿಟ್ಟ ಸಾಕ್ಷಿ ಸಿಗಲಿಲ್ಲ. ಬೆಳಗಿನಿಂದ ಕಂಡಿಕೆ ಸುತ್ತಿ, ಅಡುಗೆ ಮಾಡಿ, ಮಗ್ಗದ ಪಕ್ಕ ಕೂರುವ ನಿಮ್ಮನ್ನು ಸೋಮಾರಿ ಅನ್ನುವವರಿಗೆ ಉತ್ತರ ಕೊಡುವ ಅಗತ್ಯವೇ ಇಲ್ಲ. ಮತ್ತೆ ಇದನ್ನು ಎಡದವರ ಯೋಜನೆ ಅನ್ನುವುದೂ ಪೂರ್ತಿ ನಿಜ ಅಲ್ಲ. ಯಡಿಯೂರಪ್ಪನವರ ಕಾಲದ ಭಾಗ್ಯಲಕ್ಷ್ಮಿ ಬಾಂಡು, ಶಾಲಾ ಸೈಕಲ್, ಕೇಂದ್ರದ ಕಿಸಾನ್ ಸಮ್ಮಾನ್ 6,000 ಇವೂ ಅದೇ ಜಾತಿಯವು.

ನನ್ನ ಆತಂಕ ಬೇರೆ. ಐದು ಗ್ಯಾರಂಟಿಗೆ ವರ್ಷಕ್ಕೆ 50 ಸಾವಿರ ಕೋಟಿಗೂ ಜಾಸ್ತಿ ಬೇಕು. ಅದರಿಂದ ಶಾಲೆ, ನೀರಾವರಿ, ಆಸ್ಪತ್ರೆ ಹಿಂದೆ ಬಿದ್ದರೆ ನಿಮ್ಮ ಮಗಳಿಗೇ ನಷ್ಟ. ಇನ್ನೊಂದು, ನಿಮಗೆ 2,000ಕ್ಕಿಂತ ದೊಡ್ಡ ಸಹಾಯ ಕೆಲವು ಬಟ್ಟೆಗಳನ್ನು ಕೈಮಗ್ಗದಲ್ಲಷ್ಟೇ ನೇಯಬೇಕು ಎನ್ನುವ 1985ರ ಕೈಮಗ್ಗ ಮೀಸಲಾತಿ ಕಾಯ್ದೆಯನ್ನು ಸರಿಯಾಗಿ ಜಾರಿ ಮಾಡುವುದು. ಪವರ್‌ಲೂಮಿನ ಸೀರೆಯನ್ನು ಕೈಮಗ್ಗದ ಇಳಕಲ್ ಸೀರೆ ಎಂದು ಮಾರುವ ಅಂಗಡಿಗೆ ಯಾರೂ ಹೋಗಿ ತಪಾಸಣೆ ಮಾಡದಿದ್ದರೆ ತೋಪ ತೆನಿ ಸೆರಗಿಗೆ ನೀವು ಹಾಕಿದ ದುಡಿಮೆಗೆ ಬೆಲೆ ಎಲ್ಲಿಂದ ಬರಬೇಕು?

ಪ್ರಶ್ನೆ: ಸಾಲಮನ್ನಾ ಸರಿಯೋ ತಪ್ಪೋ? (ಬಸವನ ಬಾಗೇವಾಡಿ)

ಉತ್ತರ: ಬರಗಾಲದಲ್ಲಿ ಒಮ್ಮೆ ಸರಿ, ಚುನಾವಣೆಗೊಮ್ಮೆ ತಪ್ಪು. 2008ರ ಮನ್ನಾದಲ್ಲಿ 5 ಎಕರೆವರೆಗಿನವರಿಗೆ ಪೂರ್ತಿ, ಅದಕ್ಕಿಂತ ಹೆಚ್ಚು ಇದ್ದವರಿಗೆ ಕಾಲುಭಾಗ ಮಾತ್ರ. ನಿಮ್ಮ ಕಡೆ ಮಳೆ ನಂಬಿದ ಎಂಟು ಎಕರೆ ಜೋಳದ ಹೊಲದವನು ಲೆಕ್ಕದಲ್ಲಿ ದೊಡ್ಡ ರೈತ, ಕಾಲುವೆ ಕೆಳಗಿನ ನಾಲ್ಕು ಎಕರೆಯವನು ಸಣ್ಣ ರೈತ! ಕೈಗಡ ತಂದವನಿಗಂತೂ ಏನೂ ಇಲ್ಲ. ಆ ದುಡ್ಡು ನೀರಿಗೆ ಹೋಗಬೇಕಿತ್ತು. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ 1964ರಲ್ಲಿ ಅಡಿಗಲ್ಲು ಹಾಕಿದರು, ಅಣೆಕಟ್ಟಿನ ಎತ್ತರವನ್ನು 519.6 ಮೀಟರ್‌ನಿಂದ 524.256ಕ್ಕೆ ಏರಿಸುವ ಮಾತು ಇನ್ನೂ ಮುಗಿದಿಲ್ಲ. ಅಂಥ ಅಣೆಕಟ್ಟು ಯಾವ ಖಾಸಗಿಯವರೂ ಕಟ್ಟಿಕೊಡುವುದಿಲ್ಲ. ಅದಕ್ಕಾಗಿ ಮನೆ, ಹೊಲ ಬಿಟ್ಟ ಬಾಗಲಕೋಟೆಯ ಜನರಿಗೆ ನ್ಯಾಯವಾದ ಪರಿಹಾರ ಕೊಡುವುದೂ ಆ ಖರ್ಚಿನಲ್ಲೇ ಸೇರಿರಬೇಕು.

ಪ್ರಶ್ನೆ: ನನಗೆ ಇದೇ ಮೊದಲ ಓಟು. ಅಭ್ಯರ್ಥಿ ಎಡವೋ ಬಲವೋ ಗೊತ್ತಾಗಲು ಏನು ಕೇಳಬೇಕು? (ಅಥಣಿ)

ಉತ್ತರ: ಅದನ್ನು ಕೇಳಬೇಡ ತಮ್ಮಾ, ಇಬ್ಬರೂ ಒಂದೇ ಭಾಷಣ ಮಾಡುತ್ತಾರೆ. ನಮ್ಮೂರ ಸರ್ಕಾರಿ ಶಾಲೆಯಲ್ಲಿ ಎಷ್ಟು ಮಾಸ್ತರ ಹುದ್ದೆ ಖಾಲಿ, ಯಾವಾಗ ತುಂಬುತ್ತೀರಿ ಎಂದು ಕೇಳು. ಆರೋಗ್ಯ ಕೇಂದ್ರದಲ್ಲಿ ರಾತ್ರಿ ಹೆರಿಗೆಗೆ ಡಾಕ್ಟರ್ ಸಿಗುತ್ತಾರಾ ಎಂದು ಕೇಳು. ಕಾರ್ಖಾನೆಯ ಕಾಟಾದ ಅಂಕಿ ರೈತನ ಮೊಬೈಲಿಗೆ ಆಗಿಂದಾಗ್ಗೆ ಬರುವ ಹಾಗೆ ಮಾಡುತ್ತೀರಾ, ತಡವಾದ ಬಿಲ್ಲಿಗೆ 15% ಬಡ್ಡಿ ಕೊಡಿಸಿದ್ದೀರಾ ಎಂದು ಕೇಳು. ನಿಮ್ಮದೋ ನಿಮ್ಮ ಬೀಗರದ್ದೋ ಕಾರ್ಖಾನೆ ಇದೆಯಾ ಎಂದೂ ಕೇಳಿಬಿಡು. ಕೊನೆಯ ಪ್ರಶ್ನೆಗೆ ಬರುವ ಉತ್ತರದಿಂದ ಮೊದಲಿನ ಭರವಸೆಗಳಲ್ಲಿ ಎಷ್ಟು ನಡೆಯುತ್ತವೆ ಎಂದು ಬಹುಮಟ್ಟಿಗೆ ತಿಳಿಯುತ್ತದೆ.